ಹಗೇವು, ಕಣಜ, ಡಬ್ಬಿ: ನಮ್ಮ ಮನೆಗಳ ಆಪದ್ಧನದ ಕಥೆ

ರಾಜ್ಯೋತ್ಸವದ ಈ ದಿನಗಳಲ್ಲಿ ನಾವು ಕದಂಬರನ್ನೂ ಚಾಲುಕ್ಯರನ್ನೂ ರಾಷ್ಟ್ರಕೂಟರನ್ನೂ ನೆನೆಯುತ್ತೇವೆ. ವಿಜಯನಗರದ ವೈಭವವನ್ನು ಕೊಂಡಾಡುತ್ತೇವೆ. ಅದು ಯೋಗ್ಯವಾದುದೇ ಸರಿ. ಆದರೆ ಶಿಲಾಶಾಸನಕ್ಕೆ ಏರದೆ ಅಡಿಗೆಯ ಮನೆಯ ಮೂಲೆಯಲ್ಲಿಯೇ ಉಳಿದುಹೋದ ಇನ್ನೊಂದು ಇತಿಹಾಸವೂ ನಮಗುಂಟು. ಮಳೆ ಕೈಕೊಟ್ಟ ವರ್ಷದಲ್ಲಿ, ಪ್ಲೇಗು ಹೊಕ್ಕ ಊರಿನಲ್ಲಿ, ಯುದ್ಧ ಬಂದು ಅಂಗಡಿ ಬರಿದಾದ ಕಾಲದಲ್ಲಿ ಒಂದು ಸಾಮಾನ್ಯ ಕನ್ನಡ ಮನೆ ಹೇಗೆ ತಾಳಿಕೊಂಡಿತು ಎಂಬ ಇತಿಹಾಸ ಅದು. ಅದನ್ನು ನಡೆಸಿದವರು ಬಹುಮಟ್ಟಿಗೆ ನಮ್ಮ ಅಜ್ಜಿಯಂದಿರು, ತಾಯಂದಿರು. ಹೊರನಾಡಿನಲ್ಲಿ ನೆಲಸಿದ ನಮಗೆ ಈ ಕಥೆ ಇನ್ನೂ ಹೆಚ್ಚು ಬೇಕಾದುದು. ಏಕೆಂದರೆ ಊರಿನ ಹೊಲ, ಹಿತ್ತಿಲು, ಬಾವಿ ಇವು ಯಾವುವೂ ಇಲ್ಲದ ಎರಡು ಕೋಣೆಯ ಬಿಡಾರದಲ್ಲಿ ನಾವು ಸಂಸಾರ ಹೂಡಿದ್ದೇವೆ.

ನೆಲದೊಳಗಿನ ಉಗ್ರಾಣ

ಬಯಲುಸೀಮೆಯ ಜನಕ್ಕೆ ಹಗೇವು ಎಂದರೆ ವಿವರಿಸಬೇಕಾಗಿಲ್ಲ. ಮುಂಬಯಿ, ದಿಲ್ಲಿಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಮಳೆನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾಗಿ ತೋಡಿದ ಕುಳಿಯೇ ಹಗೇವು. ಅದರ ತಳಕ್ಕೂ ಪಕ್ಕಕ್ಕೂ ಒಣಗಿದ ಹುಲ್ಲನ್ನೋ ಕಣಿಕೆಯನ್ನೋ ಹೊಟ್ಟನ್ನೋ ದಪ್ಪವಾಗಿ ಹಾಸಿ, ಚೆನ್ನಾಗಿ ಒಣಗಿಸಿದ ಜೋಳವನ್ನು ಅಥವಾ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಧಾರವಾಡ, ವಿಜಾಪುರ, ರಾಯಚೂರು, ಕಲಬುರ್ಗಿಗಳ ಕಡೆಯಲ್ಲಿ ಅದರೊಳಗೆ ಜೋಳ. ಹಳೆಯ ಮೈಸೂರಿನ ಕಡೆಯಲ್ಲಿ ರಾಗಿ. ರಾಗಿಯ ಕಾಳು ಬಹು ಸಣ್ಣದು. ಹುಳು ಹಿಡಿಯುವುದು ಕಡಮೆ. ಒಂದೆರಡಲ್ಲ, ಅನೇಕ ವರ್ಷ ಕೆಡದೆ ಇರುತ್ತದೆ. ಬರಗಾಲದ ನಾಡಿಗೆ ದೇವರು ಕೊಟ್ಟ ಧಾನ್ಯವೆಂದು ಹಿರಿಯರು ಅದನ್ನು ಕರೆದುದು ಸುಮ್ಮನೆ ಅಲ್ಲ.

ಈ ಕುಳಿಯಲ್ಲಿ ಧಾನ್ಯ ಹೇಗೆ ಕೆಡದೆ ಉಳಿಯುತ್ತದೆ ಎಂಬುದಕ್ಕೆ ಶಾಸ್ತ್ರೀಯ ಕಾರಣವುಂಟು. ಬಾಯಿ ಭದ್ರವಾಗಿ ಮುಚ್ಚಿದ ಮೇಲೆ ಕಾಳುಗಳೂ ಅವುಗಳ ನಡುವೆ ಇದ್ದ ಹುಳುಗಳೂ ಒಳಗಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ, ಇಂಗಾಲಾಮ್ಲವಾಯು ತುಂಬಿಕೊಳ್ಳುತ್ತದೆ, ಹುಳು ಉಸಿರುಕಟ್ಟಿ ಸಾಯುತ್ತದೆ, ಕಾಳು ನಿದ್ರಿಸಿದಂತೆ ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಬೇಳೆ ತುಂಬಿಡುವ ಇಂದಿನ ನಮ್ಮ ಪದ್ಧತಿಯೂ ಇದೇ ತತ್ತ್ವದ್ದು. ಆದರೆ ಇದೇ ಗಾಳಿ ಮನುಷ್ಯನಿಗೂ ಮೃತ್ಯು. ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು, ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಡಬೇಕು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಅದು ಉರಿಯುವುದೋ ಆರುವುದೋ ನೋಡಬೇಕು ಎಂದು ಹಿರಿಯರು ಕಟ್ಟಳೆ ಮಾಡಿದ್ದರು. ಅವಸರಪಟ್ಟು ಇಳಿದು ಪ್ರಾಣ ಬಿಟ್ಟವರ ಅನುಭವದಿಂದ ಹುಟ್ಟಿದ ಕಟ್ಟಳೆ ಅದು.

ಎಲ್ಲ ಸೀಮೆಗೂ ಹಗೇವು ಸಲ್ಲದು. ಮಳೆ ಹೆಚ್ಚಾದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೆಲ ತೋಡಿದರೆ ನೀರೇ ಬರುತ್ತದೆ. ಅಲ್ಲಿ ಬಿದಿರಿನಿಂದ ಹೆಣೆದು ಸೆಗಣಿ ಸಾರಿಸಿದ ಕಣಜ. ತುಳುನಾಡಿನಲ್ಲಿ ಮರದ ಹಲಗೆಯ ಪತ್ತಾಯ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ. ಮೈಸೂರು ಸೀಮೆಯ ಮನೆಗಳಲ್ಲಿ ಮಣ್ಣಿನ ವಾಡೆ, ಗುಡಾಣಗಳ ಸಾಲು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆ ಸವರುವುದು, ಕಾಳಿನ ನಡುವೆ ಬೇವಿನ ಸೊಪ್ಪನ್ನೋ ಬೂದಿಯನ್ನೋ ಬೆರಸುವುದು, ಇವೆಲ್ಲ ಹುಳುವಿನ ಮೇಲೆ ಹೂಡಿದ ಯುದ್ಧದ ಆಯುಧಗಳು.

ಧಾತು ಈಶ್ವರ ಬರ ಕಲಿಸಿದ ಪಾಠ

ಇಷ್ಟು ಜಾಣತನವಿದ್ದರೂ ನಮ್ಮ ನಾಡು ಬರಕ್ಕೆ ಬಲಿಯಾಗದೆ ಉಳಿಯಲಿಲ್ಲ. ೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಕ್ಷಾಮವನ್ನು ನಮ್ಮ ಜನ ಸಂವತ್ಸರದ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಬೆಳೆಯಲಿಲ್ಲ. ಇದ್ದವರಲ್ಲಿಯೇ ಲಕ್ಷಗಟ್ಟಲೆ ಜನ ಅಳಿದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಲಾದಗಿ ಜಿಲ್ಲೆಗಳ ಪಾಡೂ ಇದೇ. ೧೮೭೭ರ ಮೊದಲಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಮೇಲೆ ಒಂದಾಣೆಯೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡು ಎಂದರೆ ಇಂದಿನ ಅರ್ಧ ಕಿಲೋಗ್ರಾಮಿಗಿಂತಲೂ ಕಡಮೆ. ಕಲ್ಲು ಒಡೆಯುವ ಶರೀರಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಶ್ ಆಗಲೇ ಪ್ರತಿಭಟಿಸಿದನು.

ಹಗೇವುಗಳು ಆಗ ಏಕೆ ಕಾಯಲಿಲ್ಲ? ಒಂದು ವರ್ಷದ ಬರಕ್ಕೆ ತಾಳಿದ ಮನೆ ಎರಡನೆಯ ವರ್ಷವೂ ಮಳೆ ತಪ್ಪಿದಾಗ ಬರಿದಾಯಿತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದುದು. ಹಗೇವಿದ್ದುದು ಹೊಲವಿದ್ದವನಿಗೆ. ಕೂಲಿಯಾಳಿಗೆ, ಮಗ್ಗದ ನೇಕಾರನಿಗೆ, ಚರ್ಮದ ಕೆಲಸದವನಿಗೆ ತುಂಬಿಡಲು ಕಾಳೂ ಇರಲಿಲ್ಲ, ಕುಳಿಯೂ ಇರಲಿಲ್ಲ. ಅವರು ಮೊದಲು ಬಿದ್ದರು. ಮನೆಯ ಸಂಗ್ರಹ ಆ ಮನೆಯನ್ನು ಕಾಯಬಲ್ಲುದು. ಊರನ್ನು ಕಾಯಲು ಊರಿನ ಸಂಗ್ರಹವೇ ಬೇಕು. ೧೮೮೦ರ ಕ್ಷಾಮ ಆಯೋಗದ ತರುವಾಯ ಬಂದ ಕ್ಷಾಮಸಂಹಿತೆಗಳೂ, ಮುಂದೆ ಸ್ವತಂತ್ರ ಭಾರತದ ಸರಕಾರಿ ಉಗ್ರಾಣಗಳೂ ನ್ಯಾಯಬೆಲೆ ಅಂಗಡಿಗಳೂ ಈ ಪಾಠದ ಫಲಗಳು. ಮನೆಯ ಸಿದ್ಧತೆಯನ್ನು ಹೊಗಳುವಾಗ ನಾವು ಈ ಪಾಠವನ್ನು ಮರೆಯಬಾರದು.

ಅಂಗಡಿ ಇಲ್ಲದ ಮನೆ

ಸಂಗ್ರಹದ ಜತೆಗೇ ತಯಾರಿಕೆಯ ಕಥೆಯೂ ಇದೆ. ನೂರು ವರ್ಷದ ಹಿಂದಿನ ಹಳ್ಳಿಯ ಮನೆ ಅಂಗಡಿಯಿಂದ ತರುತ್ತಿದ್ದುದು ಬಹಳ ಸ್ವಲ್ಪ. ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟವಾಳ ಅಥವಾ ಸವಳು ಮಣ್ಣು, ಪಾತ್ರೆಗೆ ಬೂದಿ ಮತ್ತು ಹುಣಸೆಯ ಹುಳಿ. ಹಲ್ಲಿಗೆ ಸುಟ್ಟ ಹೊಟ್ಟಿನ ಕರಿಪುಡಿ, ಅದಕ್ಕೆ ಚಿಟಿಕೆ ಉಪ್ಪು. ದೀಪಕ್ಕೆ ಹರಳೆಣ್ಣೆ, ಮೈಸೂರಿನ ಕಡೆ ಹೊಂಗೆಯೆಣ್ಣೆ, ಕರಾವಳಿಯಲ್ಲಿ ಹೊನ್ನೆಯೆಣ್ಣೆ. ಅರಿಶಿನಕ್ಕೆ ಬಿಳಿಗಾರವನ್ನೂ ನಿಂಬೆಯ ರಸವನ್ನೂ ಸೇರಿಸಿದರೆ ಕುಂಕುಮ. ಹರಳೆಣ್ಣೆಯ ದೀಪದ ಮಸಿಯಿಂದ ಕಾಡಿಗೆ. ಕೆಸರುನೀರು ತಿಳಿಯಾಗಲು ಕೊಡದ ಒಳಮೈಗೆ ಚಿಲ್ಲದ ಬೀಜವನ್ನು ತೇಯುತ್ತಿದ್ದರು. ಇಲ್ಲವೆ ಪಟಿಕದ ತುಂಡನ್ನು ಆಡಿಸುತ್ತಿದ್ದರು.

ಇವೆಲ್ಲವನ್ನೂ ಕುರುಡಾಗಿ ಹಿಂದಕ್ಕೆ ತರಬೇಕೆಂದು ನಾವು ಹೇಳುವುದಿಲ್ಲ. ಚಿಲ್ಲದ ಬೀಜ ಕೆಸರನ್ನು ತಳಕ್ಕಿಳಿಸುತ್ತದೆಯೇ ಹೊರತು ಆ ನೀರನ್ನು ಕುಡಿಯಲು ನಿರ್ಭಯವಾದುದನ್ನಾಗಿ ಮಾಡುವುದಿಲ್ಲ; ತಿಳಿಯಾದ ಮೇಲೂ ಅದನ್ನು ಕುದಿಸಲೇಬೇಕು. ಎಳೆಯ ಕೂಸಿನ ಕಣ್ಣಿಗೆ ಕಾಡಿಗೆ ಬೇಡವೆಂದು ವೈದ್ಯರು ಹೇಳುತ್ತಾರೆ, ಅದನ್ನು ಕೇಳಬೇಕು. ಹಳೆಯದರಲ್ಲಿ ಗಟ್ಟಿಯಾದುದನ್ನು ಆರಿಸಿಕೊಳ್ಳುವುದೇ ವಿವೇಕ.

ಉಪ್ಪಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಒಳನಾಡಿನಲ್ಲಿ ಉಪ್ಪಾರರು ಸವಳು ಮಣ್ಣನ್ನು ನೀರಿನಲ್ಲಿ ಕದಡಿ ಸೋಸಿ ಉಪ್ಪು ತೆಗೆಯುತ್ತಿದ್ದರು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಸಮುದ್ರದ ನೀರೇ ಬಿಸಿಲಿಗೆ ಉಪ್ಪಾಗುತ್ತಿತ್ತು. ಬ್ರಿಟಿಷರ ಕಾನೂನು ಈ ಮನೆಗೆಲಸವನ್ನೇ ಅಪರಾಧವೆಂದು ಎಣಿಸಿತು. ೧೯೩೦ರ ಏಪ್ರಿಲ್ ತಿಂಗಳಲ್ಲಿ ಗಾಂಧೀಜಿಯವರು ದಂಡಿಯಲ್ಲಿ ಉಪ್ಪು ಎತ್ತಿದ ಬಳಿಕ ಅದೇ ತಿಂಗಳು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿಯಲ್ಪಟ್ಟಿತು. ಮನೆಗೆ ಬೇಕಾದುದನ್ನು ಮನೆಯವರೇ ಮಾಡಿಕೊಳ್ಳುವ ಹಕ್ಕು ಸ್ವಾತಂತ್ರ್ಯದ ಹೋರಾಟವೇ ಆಯಿತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಆಪತ್ತೇ ತಯಾರಿಕೆಗೆ ದಾರಿ ತೋರಿಸಿದ ಉದಾಹರಣೆಗಳೂ ಇವೆ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತು ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಹೊರಗೆ ಹೋಗದ ಮರದಿಂದ ಇಲ್ಲಿಯೇ ಎಣ್ಣೆ ತೆಗೆಯೋಣವೆಂದು ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಪ್ರಾರಂಭವಾಯಿತು; ಎರಡು ವರ್ಷದಲ್ಲಿ ಸಾಬೂನೂ ಬಂದಿತು. ಹೊರನಾಡಿನ ನಮ್ಮ ಮನೆಗಳ ಬಚ್ಚಲಿನಲ್ಲಿ ಇಂದಿಗೂ ಇರುವ ಮೈಸೂರು ಸ್ಯಾಂಡಲ್ ಸೋಪು ಹೀಗೆ ಒಂದು ಸಂಕಟದ ಕೂಸು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳಿಕೊಂಡು ಬಂದಿದ್ದಾರೆ. ಅಭಾವವನ್ನು ಇಷ್ಟು ರುಚಿಯಾಗಿ ಮಾಡಿದವರು ನಮ್ಮವರೆಂದು ನಾವು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ.

ಪರಸ್ಥಳದಲ್ಲಿ ಪರೀಕ್ಷೆ

ಊರು ಬಿಟ್ಟು ಬಂದ ಕನ್ನಡಿಗನ ಪೆಟ್ಟಿಗೆಯಲ್ಲಿ ಏನಿರುತ್ತಿತ್ತು? ಧಾರವಾಡದ ಕಡೆಯವನಾದರೆ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳು, ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ. ಮೈಸೂರಿನವನಾದರೆ ಸಾರಿನಪುಡಿ, ಹುರಿಹಿಟ್ಟು, ಅರಳು ಸಂಡಿಗೆ. ಮಲೆನಾಡಿನವನಾದರೆ ಅಪ್ಪೆಮಿಡಿಯ ಉಪ್ಪಿನಕಾಯಿ, ಜೋನಿಬೆಲ್ಲ. ಕರಾವಳಿಯವನಾದರೆ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಒಣಮೀನು. ರುಚಿಗಾಗಿ ತಂದವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಇವೆಲ್ಲ ಮಳೆಗಾಲಕ್ಕೂ ಬರಗಾಲಕ್ಕೂ ಎಂದು ಬೇಸಿಗೆಯ ಬಿಸಿಲಿನಲ್ಲಿ ಕಟ್ಟಿಟ್ಟ ಬುತ್ತಿಗಳು. ಹುರಿಹಿಟ್ಟಿಗೆ ಒಲೆ ಬೇಡ. ಮಜ್ಜಿಗೆಯಲ್ಲೋ ಬೆಲ್ಲದ ನೀರಿನಲ್ಲೋ ಕಲಸಿದರೆ ಊಟವಾಯಿತು. ಸೌದೆಯೂ ಇಲ್ಲದ ದಿನಕ್ಕೆ ಇದಕ್ಕಿಂತ ಮೇಲಾದ ಆಹಾರವನ್ನು ಯಾವ ಕಾರ್ಖಾನೆಯೂ ಮಾಡಲಿಲ್ಲ.

ಈ ಬುತ್ತಿಯೊಡನೆ ನಾವು ಬಂದು ಸೇರಿದ ನಗರಗಳು ಒಂದೊಂದೂ ತಮ್ಮ ತಮ್ಮ ಆಪತ್ತುಗಳನ್ನು ಕಂಡಿವೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಲಕ್ಷಾಂತರ ಜನ ನಗರ ಬಿಟ್ಟು ಓಡಿದರು. ರೋಗ ಅವರ ಹಿಂದೆಯೇ ನಡೆದು ಹುಬ್ಬಳ್ಳಿ, ಧಾರವಾಡಗಳಿಗೂ ೧೮೯೮ರಲ್ಲಿ ಬೆಂಗಳೂರಿಗೂ ಬಂದಿತು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದನ್ನು ನಮ್ಮ ಹಿರಿಯರು ರೂಢಿಸಿಕೊಂಡರು. ಎರಡು ಪಾತ್ರೆ, ಒಂದು ಚೀಲ ಹಿಟ್ಟು, ಹಾಸಿಗೆ, ದೀಪ: ಹೊರಡುವಾಗ ಏನು ಹಿಡಿಯಬೇಕೆಂಬುದು ಪ್ರತಿ ಮನೆಗೂ ಬಾಯಿಪಾಠವಾಗಿತ್ತು.

೧೯೦೮ರ ಸೆಪ್ಟೆಂಬರ್ ೨೮ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮುಂದಿನ ವರ್ಷ ನಿಜಾಮರ ಸರಕಾರ ಸಲಹೆಗಾಗಿ ಕರೆದುದು ನಮ್ಮ ವಿಶ್ವೇಶ್ವರಯ್ಯನವರನ್ನು. ೧೯೨೦ರಲ್ಲಿ ಮುಗಿದ ಉಸ್ಮಾನ್ ಸಾಗರ, ೧೯೨೭ರಲ್ಲಿ ಮುಗಿದ ಹಿಮಾಯತ್ ಸಾಗರ ಆ ಸಲಹೆಯಿಂದ ಮೂಡಿದವು.

೧೯೪೨ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ಸೀಮೆಎಣ್ಣೆಯೂ ನಿಂತವು. ೧೯೪೩ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ರೇಷನ್ ಪದ್ಧತಿ ಜಾರಿಗೆ ಬಂದಿತು. ಅನ್ನವನ್ನೇ ಊಟವೆಂದು ತಿಳಿದಿದ್ದ ಕರಾವಳಿಯ ಸಂಸಾರಗಳು ಗೋಧಿಗೂ ಜೋಳಕ್ಕೂ ಕೈಹಾಕಿದವು. ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವುದು ನಮ್ಮ ಮನೆಗಳ ದಿನಚರಿಯಾದುದು ಆಗಲೇ. ೧೯೬೫ರ ಯುದ್ಧಕಾಲದಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡರು. ಆಗಲೂ ೧೯೭೧ರಲ್ಲೂ ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿ ದೀಪ ಮರೆಮಾಡಿದ ನೆನಪು ಮುಂಬಯಿ, ದಿಲ್ಲಿಗಳ ಹಿರಿಯರಿಗೆ ಇದೆ.

ಪುಣೆಯ ಕಥೆ ಎಲ್ಲಕ್ಕಿಂತ ವಿಚಿತ್ರ. ೧೯೬೧ರ ಜುಲೈ ೧೨ರಂದು, ಇನ್ನೂ ಕಟ್ಟಡ ಮುಗಿಯದಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ರಭಸಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆಯಿತು. ಹಿಂದೆ ೧೯೦೩ರಲ್ಲಿ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಇರಿಸಿದ್ದುದು ಇದೇ ಖಡಕವಾಸಲೆಯಲ್ಲಿ. ನದೀತೀರದ ಪೇಟೆಗಳು ಮುಳುಗಿದವು. ನೆರೆ ಇಳಿದ ಮೇಲೆ ಇನ್ನೊಂದು ಸಂಕಟ: ನಗರಕ್ಕೆ ಕುಡಿಯುವ ನೀರು ಬರುತ್ತಿದ್ದುದೇ ಆ ಒಡೆದ ಕೆರೆಯಿಂದ. ಎಲ್ಲೆಲ್ಲಿಯೂ ಕೆಸರುನೀರು, ನಲ್ಲಿಯಲ್ಲಿ ಮಾತ್ರ ಹನಿ ಇಲ್ಲ. ಹಳೆಯ ವಾಡೆಗಳ ಬಾವಿಗಳು ಆಗ ಜನಕ್ಕೆ ನೆನಪಾದವು. ಬಾಯಾರಿದಾಗ ಬಾವಿ ತೋಡಬಾರದೆಂಬ ಗಾದೆಯ ಅರ್ಥವನ್ನು ಆ ನಗರ ಒಂದೇ ದಿನದಲ್ಲಿ ಕಲಿಯಿತು.

ಇವೆಲ್ಲ ಹಳೆಯ ಮಾತೆಂದು ಯಾರೂ ತಳ್ಳಿಹಾಕುವಂತಿಲ್ಲ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಬಿದ್ದಿತು. ೨೦೧೫ರ ಡಿಸೆಂಬರ್ ಮೊದಲಲ್ಲಿ ಚೆನ್ನೈ ಮುಳುಗಿತು. ಅದೇ ಚೆನ್ನೈ ೨೦೧೯ರ ಬೇಸಿಗೆಯಲ್ಲಿ ಕೊಡ ಹಿಡಿದು ನೀರಿನ ಲಾರಿಗೆ ಕಾದಿತು. ೨೦೨೦ರ ಮಾರ್ಚ್ ೨೫ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಆ ದಿನಗಳಲ್ಲಿ ಹಪ್ಪಳದ ಡಬ್ಬಿ, ಚಟ್ನಿಪುಡಿಯ ಭರಣಿ ಇದ್ದ ಮನೆಗೂ, ದಿನದಿನಕ್ಕೆ ತರಿಸಿ ತಿನ್ನುವ ಮನೆಗೂ ಇದ್ದ ವ್ಯತ್ಯಾಸವನ್ನು ನಾವೆಲ್ಲ ನೋಡಿದ್ದೇವೆ.

ನಾವು ಮಾಡಬೇಕಾದುದೇನು?

ಇತಿಹಾಸ ಓದಿದ ಫಲ ಕೈಗೆ ಬರಬೇಕು. ಮೊದಲನೆಯದು ನೀರು. ಕುಡಿಯಲು, ಅಡಿಗೆಗೆ ಎಂದು ಆಳಿಗೆ ದಿನಕ್ಕೆ ೪ ಲೀಟರಿನಂತೆ ಲೆಕ್ಕ ಹಾಕಿ, ಮೂರು ದಿನದ ನೀರನ್ನು ಮುಚ್ಚಿದ ಪಾತ್ರೆಗಳಲ್ಲಿಟ್ಟು ಕಾಲಕಾಲಕ್ಕೆ ಬದಲಾಯಿಸಬೇಕು. ನಾಲ್ಕು ಜನದ ಮನೆಗೆ ಇದು ೪೮ ಲೀಟರ್. ದೊಡ್ಡ ಹೊರೆಯೇನೂ ಅಲ್ಲ. ಎರಡನೆಯದು ಬೇಯಿಸದೆ ತಿನ್ನಬಹುದಾದ ಆಹಾರ: ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ, ಬೆಲ್ಲ, ಶೇಂಗಾ. ಹಳೆಯದನ್ನು ಮೊದಲು ತಿಂದು ಹೊಸದನ್ನು ಹಿಂದೆ ಇಡುವುದು ಅಜ್ಜಿಯ ಕಣಜದ ನಿಯಮ. ಡಬ್ಬಿಗೂ ಅದೇ ನಿಯಮ. ಮೂರನೆಯದು ದೀಪ, ಬೆಂಕಿಪೊಟ್ಟಣ, ಮನೆಯವರು ನಿತ್ಯ ಸೇವಿಸುವ ಔಷಧ, ಮುಖ್ಯ ಕಾಗದಪತ್ರಗಳನ್ನು ನೀರು ಹೊಗದ ಚೀಲದಲ್ಲಿ ಒಟ್ಟಿಗೆ ಇಡುವುದು.

ನಾಲ್ಕನೆಯದೊಂದು ಮದ್ದು. ನೆರೆಯ ಹಿಂದೆಯೇ ವಾಂತಿಭೇದಿ ಬರುತ್ತದೆ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಗಳನ್ನು ನೀರಿಗೆ ಬೆರಸಿ ಕುಡಿಸಿ, ನೂರಕ್ಕೆ ಸುಮಾರು ೩೦ ಇದ್ದ ಕಾಲರಾ ಸಾವನ್ನು ೪ಕ್ಕಿಂತ ಕೆಳಗೆ ಇಳಿಸಿದರು. ಅದರ ಮನೆಯ ರೂಪ ಇದು: ಕುದಿಸಿ ಆರಿಸಿದ ಒಂದು ಲೀಟರ್ ನೀರು, ಗೋಪುರವಿಲ್ಲದೆ ಸಮನಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಭೇದಿ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು.

ಇಷ್ಟನ್ನು ಕೂಡಿಡುವುದಕ್ಕೂ ಕಳ್ಳಸಂಗ್ರಹಕ್ಕೂ ಅಂತರವುಂಟು. ಸುಭಿಕ್ಷ ಕಾಲದಲ್ಲಿ ಸ್ವಲ್ಪಸ್ವಲ್ಪವಾಗಿ ತೆಗೆದಿಡುವುದು ಗೃಹಧರ್ಮ. ಆಪತ್ತು ಬಂದ ದಿನ ಅಂಗಡಿಗೆ ನುಗ್ಗಿ ಹತ್ತು ಮನೆಯ ಪಾಲನ್ನು ಒಂದೇ ಮನೆಗೆ ಹೊರುವುದು ನೆರೆಯವನ ತಟ್ಟೆಗೆ ಕೈಹಾಕಿದಂತೆ. ಧಾತು ಈಶ್ವರ ಬರದಲ್ಲಿ ಹಗೇವಿಲ್ಲದವನು ಮೊದಲು ಬಿದ್ದನೆಂದು ಮೇಲೆ ಹೇಳಿದೆವು. ಇಂದಿನ ನಗರದಲ್ಲಿಯೂ ಹಗೇವಿಲ್ಲದವರಿದ್ದಾರೆ: ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಮಲಗುವ ನಮ್ಮ ಹುಡುಗರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿ, ರಾಯಚೂರುಗಳ ಕೂಲಿ ಸಂಸಾರಗಳು, ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿರುವ ವೃದ್ಧ ದಂಪತಿಗಳು. ಸಂಘವೆಂಬುದು ಇಂಥವರ ಹಗೇವಾಗಬೇಕು. ಮುಂಬಯಿಯಲ್ಲಿ ೧೯೦೨ರಷ್ಟು ಹಿಂದೆಯೇ ಮೊಗವೀರ ಬಂಧುಗಳು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡುದು ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಬೇಕೆಂದೇ ಅಲ್ಲವೇ? ಯಾವ ಬಡಾವಣೆಯಲ್ಲಿ ಯಾರು ಒಂಟಿಯಾಗಿದ್ದಾರೆ, ಯಾರಿಗೆ ನಿತ್ಯ ಔಷಧ ಬೇಕು, ಯಾರ ಮನೆಯಲ್ಲಿ ಬಾವಿಯಿದೆ ಎಂಬ ಒಂದು ಪಟ್ಟಿ ಪ್ರತಿ ಕನ್ನಡ ಸಂಘದಲ್ಲಿಯೂ ಇರಲಿ.

ಇನ್ನೊಂದು ಕೆಲಸಕ್ಕೆ ಹಣವೂ ಬೇಡ, ಕಾಲವನ್ನು ಮಾತ್ರ ಕಳೆಯಬಾರದು. ಕುಂಕುಮಕ್ಕೆ ಬಿಳಿಗಾರ ಎಷ್ಟು, ತೊಗರಿಗೆ ಕೆಮ್ಮಣ್ಣು ಕಟ್ಟುವುದು ಹೇಗೆ, ಉಪ್ಪಿನ ಸೊಳೆಗೆ ಉಪ್ಪಿನ ಪ್ರಮಾಣವೇನು ಎಂಬುದು ನಮ್ಮ ಮನೆಯ ಹಿರಿಯರ ಕೈಯಲ್ಲಿ ಇದೆ, ಪುಸ್ತಕದಲ್ಲಿ ಇರುವುದು ಕಡಮೆ. ಅವರಿರುವಾಗಲೇ ಕೇಳಿ, ಅವರ ಮಾತಿನಲ್ಲಿಯೇ, ಅವರವರ ಸೀಮೆಯ ಹೆಸರುಗಳೊಡನೆ ಬರೆದಿಡಬೇಕು. ಬರೆಯುವ ಕೈ ಮೊಮ್ಮಕ್ಕಳದಾಗಲಿ. ಕನ್ನಡ ಅಕ್ಷರ ಕಲಿತದ್ದಕ್ಕೆ ಅವರಿಗೂ ಒಂದು ಉಪಯೋಗ ಕಂಡೀತು. ಮನೆಗೊಂದು ಹಗೇವು ತುಂಬೀತು.